ಶನಿವಾರದ ವೈನು

ಚಹಾ ಬಿಟ್ಟರೆ ಬೇರೆ ಚಟವಿಲ್ಲದವನು ನಾನು. ಅಂಥವನ ಕೊರಳಿಗೇ ಇಂಥವು ಬಂದು ಬೀಳುತ್ತವೆ. ಅಪ್ಪ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ದುಡಿದರು. ನಾನು ಜೊಯಿಡಾ ರಸ್ತೆಯ ಒಂದು ರೆಸಾರ್ಟಿನಲ್ಲಿ ಮ್ಯಾನೇಜರ್. ಈ ಸಲ ಮಳೆಗಾಲ ಮುಗಿಯುತ್ತಲೇ ಮಾಲಕರಿಗೆ ಹುಕಿ ಬಂತು: ಶನಿವಾರ ಶನಿವಾರ ಅತಿಥಿಗಳಿಗೆ ವೈನಿನ ರುಚಿ ತೋರಿಸಬೇಕು, ಒಂದೊಂದರ ಗುಣ ಬಣ್ಣಿಸಬೇಕು.

“ನೀವ ಮಾತಾಡ್ರಿ. ಆಗೂದಿಲ್ಲಂದ್ರ ಗೋವಾದವ ಒಬ್ಬ ತಯಾರ ಅದಾನ. ಮ್ಯಾನೇಜರ್ ಕೆಲಸಾನೂ ಅವನ ನೋಡ್ಕೋತಾನ” ಎಂದರು.

ಅವತ್ತಿನಿಂದ ನನಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

೧. ಎತ್ತಿ ಕುಡಿದದ್ದು

ಮೊದಲ ದಿನದ ಅಭ್ಯಾಸಕ್ಕೆ ಇದ್ದದ್ದು ಒಂದೇ ಗ್ಲಾಸು. ಕುಡಿಯಬೇಕಾದವರು ಮಾಲಕರು, ನಾನು, ಅಡುಗೆಯವ. ಎಂಜಲಾಗಬಾರದೆಂದು ನಾನು ನೀರಿನ ತಂಬಿಗೆ ಎತ್ತಿದ ಹಾಗೆ, ತುಟಿಗೆ ತಾಗಿಸದೆ ಮೇಲಿನಿಂದ ಹೊಯ್ದುಕೊಂಡೆ. ಕೆಂಪು ವೈನು ಅರ್ಧ ಮೂಗಿಗೆ ಹೋಯಿತು, ಅರ್ಧ ಬಿಳಿ ಅಂಗಿಗೆ.

ಮಾಲಕರು ಟವೆಲ್ ಕೊಡುತ್ತ, “ಮೂಗಿಲೆ ಮೂಸ್ರಿ ಅಂದಿದ್ದೆ, ಮೂಗಿಲೆ ಕುಡೀರಿ ಅಂದಿರಲಿಲ್ಲ” ಎಂದರು.

೨. ಚರ್ಮದ ವಾಸನೆ

ಯಾವ ವೈನಿನಲ್ಲಿ ಏನೇನು ವಾಸನೆ ಬರುತ್ತದೆಂದು ಮಾಲಕರು ಮೊಬೈಲಿನಲ್ಲಿ ಓದಿ ಹೇಳಿದರು: ಹಳೆಯ ಚರ್ಮ, ಹಸಿ ಮಣ್ಣು, ಹೊಗೆ. ನನಗೆ ಅವೊಂದೂ ಸಿಗಲಿಲ್ಲ. ಬಿಳಿಯದೊಂದು ಹುಳಿಮಜ್ಜಿಗೆಯ ಮೇಲಿನ ತಿಳಿನೀರಿನಂತಿತ್ತು; ಇನ್ನೊಂದು, ಕಬ್ಬಿನ ಹಾಲಿಗೆ ನಿಂಬೆ ಹಿಂಡಿದಂತೆ. ಕೆಂಪನೆಯದು ಮೊದಲು ಮುರುಗಲಿನ, ಅದೇ ಕೋಕಂ ಹಣ್ಣಿನ ಹುಳಿ, ಆಮೇಲೆ ಬಲಿಯದ ಗೋಡಂಬಿ ಹಣ್ಣು ಗಂಟಲು ಹಿಡಿದ ಹಾಗೆ. ಇದನ್ನೇ ಬಾಯಿಪಾಠ ಮಾಡುತ್ತ ಅಂಗಳದಲ್ಲಿ ಶತಪಥ ಹಾಕಿದೆ.

ಹಳಿಯಾಳದ ಕಡೆಯ ನಮ್ಮ ಅಡುಗೆಯವನಿಗೆ ಮಾತ್ರ ಬೇರೆ ಚಿಂತೆ. “ಚರ್ಮ, ಮಣ್ಣು, ಹೊಗಿ ಅಂತ ಇಷ್ಟ ರೊಕ್ಕ ಯಾಕ ಕೊಡ್ತಾರ್ರಿ? ನಮ್ಮ ಮಾವನ ಮನಿಗೆ ಬಂದ್ರ ಮೂರೂ ಪುಕ್ಕಟ ಸಿಗ್ತಾವು.”

೩. ಉಗುಳಿದ್ದು

ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ತಡೆದಳು. “ಕುಡದೀರೇನು?”

“ಇಲ್ಲ. ಬಾಯಾಗ ಹಾಕ್ಕೊಂಡು ಉಗುಳೇನಿ. ಹಂಗ ಮಾಡೂ ಪದ್ಧತಿ ಐತಿ.”

ನಂಬಿದಳು. ನಂಬಿದ ಮೇಲೆ ಸಿಟ್ಟು ಇನ್ನೂ ಏರಿತು. “ಅಷ್ಟ ತುಟ್ಟಿದ್ದು, ಉಗುಳಿ ಬಂದ್ರಿ? ಇಷ್ಟ ವರ್ಷ ನನ್ನ ಕೈಯಾಗಿನ ಹಾಗಲಕಾಯಿ ಪಲ್ಯ ಉಗುಳಿಲ್ಲ ನೀವು.” ಒಳಗೆ ಹೋದವಳು ತಿರುಗಿ ಬಂದು ಹೇಳಿದಳು: “ಶನಿವಾರ ಮಾರುತಿ ದಿನಾ. ಅವತ್ತರ ಮುಟ್ಟಬ್ಯಾಡ್ರಿ.”

ಮುಟ್ಟುವುದಿಲ್ಲವೆಂದು ಮಾತು ಕೊಟ್ಟೆ. ರುಚಿ ತೋರಿಸಬೇಕಾದ ದಿನವೇ ಶನಿವಾರ ಎಂದು ಹೇಳುವ ಧೈರ್ಯ ಬರಲಿಲ್ಲ.

೪. ಯಾವ ವರ್ಷದ್ದು

ಶನಿವಾರ ಹುಬ್ಬಳ್ಳಿಯ ಒಂದು ದೊಡ್ಡ ಕುಟುಂಬ ಬಂದಿತ್ತು. ಬಿಳಿಯವು ಹೇಗೋ ದಾಟಿದವು. ಫ್ರಿಜ್ಜಿನಿಂದ ಕೆಂಪು ವೈನಿನ ಬಾಟಲಿ ತೆಗೆದು ದೊಡ್ಡವರಿಗೆಲ್ಲ ಹೊಯ್ದೆ. ನಾನು ಮುಟ್ಟಲಿಲ್ಲ, ಬಾಯಿಪಾಠ ಒಪ್ಪಿಸಿದೆ. “ಕಣ್ಣ ಮುಚ್ಚಿ ಕುಡೀರಿ. ಮೊದಲ ಮುರುಗಲು ಬರ್ತೈತಿ.”

ಮೀಸೆಯ ಹಿರಿಯರೊಬ್ಬರು ಗುಟುಕು ಕುಡಿದು ತಲೆದೂಗಿದರು. “ಬರೋಬ್ಬರಿ. ಮುರುಗಲಾನ ಐತಿ. ಭಾಳ ಹಳೇದಿರಬೇಕು. ಯಾವ ವರ್ಷದ್ದರಿ?”

ನಾನು ಬಾಟಲಿಯ ಚೀಟಿಯಲ್ಲಿ ವರ್ಷ ಹುಡುಕತೊಡಗಿದೆ. ಭಜಿ ತಂದಿಡುತ್ತಿದ್ದ ಅಡುಗೆಯವ ಬಾಟಲಿ ನೋಡಿದ. “ವರ್ಷ ಎಲ್ಲೀದ್ರಿ, ಇವತ್ತ ಮುಂಜಾನೆದು. ಹುಡುಗ್ರಿಗಂತ ಮುರುಗಲು ಶರಬತ್ತು ಮಾಡಿ, ಖಾಲಿ ಬಾಟ್ಲಿ ತೊಳದು ತುಂಬಿಟ್ಟಿದ್ದೆ. ಚಲೋ ಬಾಟ್ಲಿ ಒಗೀಲಿಕ್ಕೆ ಮನಸ ಬರಲಿಲ್ಲ.”

ಮಾಲಕರು ನನ್ನನ್ನೇ ನೋಡುತ್ತಿದ್ದರು. ಗೋವಾದವ ಬಸ್ಸು ಹತ್ತಿದನೆಂದೇ ನನಗೆ ಅನಿಸಿತು.

ಹಿರಿಯರು ಗ್ಲಾಸು ಖಾಲಿ ಮಾಡಿ ಕೆಳಗಿಟ್ಟರು. “ಆದ್ರ ಇವರು ಮೊದಲ ಹೇಳಿದ್ರಲ್ರಿ, ಮುರುಗಲು ಅಂತ. ಮಾಲಕರ, ಇಂಥಾ ನಾಲಿಗಿ ಇದ್ದವ್ರನ್ನ ಕೈ ಬಿಡಬ್ಯಾಡ್ರಿ.”

ಕೆಲಸ ಉಳಿಯಿತು. ಆ ನಾಲಿಗೆಗೆ ಅವತ್ತು ಮುಂಜಾನೆಯಿಂದ ಮಾರುತಿಯ ತೀರ್ಥ ಬಿಟ್ಟರೆ ಏನೂ ಸೋಕಿರಲಿಲ್ಲ.