ಅತ್ತೆಗಿಲ್ಲದ ಪರಮಪ್ರಸಾದ

ನಾನು ಸಿಡುಕ ಎಂದು ನನ್ನ ಹೆಂಡತಿ ವಿಮಲಾ ಊರ ತುಂಬ ಹೇಳಿಕೊಂಡು ಬಂದಿದ್ದಾಳೆ. ಇದನ್ನು ನಾನು ಒಪ್ಪುವುದಿಲ್ಲ. ಸಿಡುಕನಾದವನು ಕಾರಣವಿಲ್ಲದೆ ಸಿಟ್ಟು ಮಾಡುತ್ತಾನೆ. ನನ್ನ ಸಿಟ್ಟಿಗೆ ಯಾವಾಗಲೂ ಕಾರಣವಿರುತ್ತದೆ, ಕೆಲವು ಸಲ ಎರಡೆರಡು ಇರುತ್ತವೆ. ಬೆಟಗೇರಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನಿಗೆ ಸಿಟ್ಟು ಬರದಿದ್ದರೆ ಅವನಲ್ಲೇ ಏನೋ ಐಬಿದೆ ಎಂದು ತಿಳಿಯಬೇಕು. ಕಳಸಾಪುರದಿಂದ ಸುಟ್ಟ ಮೋಟಾರು ಹೊತ್ತು ತಂದವನು "ಸಂಜೀಕ ಕೊಡ್ರಿ, ಹೊಲಕ್ಕ ನೀರ ಬಿಡೂದೈತಿ" ಅನ್ನುತ್ತಾನೆ. ಹಳೆಯ ತಂತಿ ಬಿಚ್ಚಿ, ಹೊಸದು ಸುತ್ತಿ, ವಾರ್ನಿಶ್‌ನಲ್ಲಿ ಅದ್ದಿ, ಅದು ಒಣಗಿದ ಮೇಲೆ ಕೊಡಬೇಕಪ್ಪಾ ಎಂದರೆ, ನಾನೇ ಹಟ ಹಿಡಿದು ಅವನ ಬೆಳೆ ಒಣಗಿಸುತ್ತಿದ್ದೇನೆ ಎಂಬಂತೆ ನೋಡುತ್ತಾನೆ. ಆದರೆ ಈಗ ಹೇಳಹೊರಟಿರುವ ಸಿಟ್ಟು ಅಂಗಡಿಯದಲ್ಲ. ಅದು ನನ್ನ ಅತ್ತೆಯ ಪರವಾಗಿ ಬಂದದ್ದು. ಅಳಿಯನಾದವನಿಗೆ ಅತ್ತೆಯ ಪರವಾಗಿ ಸಿಟ್ಟು ಬರುವುದು ಎಷ್ಟು ಅಪರೂಪವೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅಪರೂಪದ್ದು ಎಂದೇ ಬರೆದಿಡುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಬಂದವರ ಬಾಯಿಗೆ ಏನಾದರೂ ಹಾಕದೆ ಕಳಿಸುವ ಪದ್ಧತಿಯೇ ಇಲ್ಲ. ಶಿರಹಟ್ಟಿಯ ಕಡೆ ಮೋಟಾರು ಕೂಡಿಸಲು ಹೋದಾಗ ಮಠದಲ್ಲಿ ನನ್ನನ್ನು ಸಾಲಿನಲ್ಲಿ ಕೂಡಿಸಿ ಗೋಧಿ ಹುಗ್ಗಿ ಬಡಿಸಿದ್ದಾರೆ. ಕೊರಳಲ್ಲಿ ಶಿಲುಬೆ ಕಂಡವರು ಇನ್ನೊಂದು ಸೌಟು ಜಾಸ್ತಿಯೇ ಹಾಕಿದ್ದಾರೆ. ಲಕ್ಷ್ಮೇಶ್ವರದ ದರ್ಗಾದಲ್ಲಿ ಸಕ್ಕರೆ ಕೊಟ್ಟಿದ್ದಾರೆ. ಮುಳಗುಂದದಲ್ಲಿ ಒಬ್ಬ ಜೈನ ಸಾವಕಾರರು ಹೊತ್ತು ಮುಳುಗುವುದರೊಳಗೆ ಉಣ್ಣಲೇಬೇಕೆಂದು ನನ್ನ ಕೈಯಿಂದ ಸ್ಪ್ಯಾನರು ಕಸಿದುಕೊಂಡು ತಾಟಿನ ಮುಂದೆ ಕೂಡಿಸಿದ್ದಾರೆ. ಎಲ್ಲರ ಮನೆಯ ದೇವರ ಅನ್ನ ಉಂಡು ಬೆಳೆದ ಹೊಟ್ಟೆ ನನ್ನದು. ಹೀಗಿರುವಾಗ ನನ್ನದೇ ಚರ್ಚಿನಲ್ಲಿ, ನನ್ನ ಮಗಳ ಮೊದಲ ಪರಮಪ್ರಸಾದದ ದಿನ, ನನ್ನ ಅತ್ತೆಗೆ ಮಾತ್ರ ಪ್ರಸಾದ ಇಲ್ಲ ಎಂದರೆ ನನ್ನ ತಲೆ ಕಾಯದೆ ಇನ್ನೇನು ತಣ್ಣಗಾದೀತೇ?

ನಮ್ಮ ಮನೆಯ ಸಂಗತಿ ಸ್ವಲ್ಪ ಹೇಳಬೇಕು. ನಾವು ಕ್ಯಾಥೊಲಿಕರು. ವಿಮಲಾಳ ತವರು ಬೆಟಗೇರಿಯ ಹಳೆಯ ಪ್ರೊಟೆಸ್ಟಂಟ್ ಮನೆತನ. ಮದುವೆಯಾದ ಮೇಲೆ ಅವಳು ನಮ್ಮ ಚರ್ಚಿಗೆ ಸೇರಿದಳು. ನಮ್ಮ ಮನೆಯಲ್ಲೇ ಇರುವ ಅತ್ತೆ ಸೇರಲಿಲ್ಲ, ಯಾರೂ ಸೇರೆನ್ನಲೂ ಇಲ್ಲ. ಅವರು ಪ್ರತಿ ಭಾನುವಾರ ಬಿಳಿ ಸೀರೆ ಉಟ್ಟು, ಬೈಬಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಮ್ಮ ಚರ್ಚಿಗೆ, ಅವರ ಬಾಯಲ್ಲಿ ಗುಡಿಗೆ, ನಡೆಯುತ್ತಾರೆ. ಅಲ್ಲಿ ಅವರು ರೊಟ್ಟಿ, ದ್ರಾಕ್ಷಾರಸ ಎರಡನ್ನೂ ತಗೊಳ್ಳುವವರು. ನಮ್ಮಲ್ಲಿ ಪರಮಪ್ರಸಾದವೆಂದರೆ ಸಾಮಾನ್ಯವಾಗಿ ತೆಳ್ಳನೆಯ ಬಿಳಿ ಅಪ್ಪವೊಂದೇ. ಈ ಬಗ್ಗೆ ಅವರು ನನ್ನನ್ನು ಒಮ್ಮೆ ಕನಿಕರದಿಂದ ವಿಚಾರಿಸಿದ್ದೂ ಉಂಟು. ನನ್ನ ಮಗಳು ರೀಟಾಳಿಗೆ ಮಾತು ಬಂದದ್ದೇ ಅತ್ತೆಯ ಮಡಿಲಲ್ಲಿ, ಪ್ರಾರ್ಥನೆ ಬಂದದ್ದೂ ಅಲ್ಲೇ. ನಾನು ತಾಮ್ರದ ತಂತಿ ಸುತ್ತುತ್ತಿರುವಾಗ, ವಿಮಲಾ ಶಾಲೆಯ ಕೆಲಸದಲ್ಲಿರುವಾಗ, ಪರಮಪ್ರಸಾದದ ತರಗತಿಯ ಪಾಠಗಳನ್ನೂ ಈ ಪ್ರೊಟೆಸ್ಟಂಟ್ ಅಜ್ಜಿಯೇ ಮೊಮ್ಮಗಳ ಜಡೆ ಹೆಣೆಯುತ್ತ ಬಾಯಿಪಾಠ ಮಾಡಿಸಿದರು. ತಪ್ಪಿದರೆ ಜಡೆ ಜಗ್ಗುತ್ತಿದ್ದರು.

ನಮ್ಮ ಚರ್ಚಿನಲ್ಲಿ ಆ ದಿನ ಮಕ್ಕಳ ಜೊತೆ ತಂದೆತಾಯಿ, ಅಜ್ಜ ಅಜ್ಜಿ ಎಲ್ಲ ಸೇರಿ ಪೀಠದ ಮುಂದೆ ಹೋಗುವುದು ರೂಢಿ. ಅತ್ತೆ ಪಕ್ಕದ ಮಗ್ಗದ ಮನೆಯಲ್ಲಿ ಕೆನೆಬಣ್ಣದ ಸೀರೆಯೊಂದನ್ನು ಹೇಳಿ ನೇಯಿಸಿಕೊಂಡಿದ್ದರು. ಅದರ ಅಂಚು ತೋರಿಸುತ್ತ ರೀಟಾಳಿಗೆ "ನಿನ್ನ ಫ್ರಾಕಿಗೆ ಜೋಡಿ ಆಗ್ತೈತಿ ನೋಡ" ಎಂದದ್ದು ಕೇಳಿ ನನಗೆ ಹೊಳೆಯಿತು. ಇವರು ನಮ್ಮ ಜೊತೆ ಸಾಲಿನಲ್ಲಿ ಬರುವ ಲೆಕ್ಕದಲ್ಲಿದ್ದಾರೆ! ನಮ್ಮಲ್ಲಿ ಬೇರೆ ಚರ್ಚಿನವರಿಗೆ ಪ್ರಸಾದ ಕೊಡುವ ರೂಢಿಯಿಲ್ಲ. ಬಂದು, ಎಲ್ಲರೆದುರು ಬರಿಗೈಯಲ್ಲಿ ತಿರುಗುವಂತಾದರೆ? ಅಥವಾ ಮೊದಲೇ ತಿಳಿದು ಬರುವುದನ್ನೇ ಬಿಟ್ಟರೆ? ಅಜ್ಜಿ ಇಲ್ಲದೆ ಆ ಹುಡುಗಿ ಮನೆಯ ಹೊಸ್ತಿಲು ದಾಟುವವಳಲ್ಲ.

ನೇರವಾಗಿ ಗುರುಗಳ ಬಳಿ ಹೋದೆ. ನಮ್ಮ ಫಾದರ್ ಕರಾವಳಿಯ ಕಡೆಯವರು, ಇನ್ನೂ ಚಿಕ್ಕ ವಯಸ್ಸು, ಸಭ್ಯರು. ಅವರ ಸಭ್ಯತೆಯೇ ನನಗೆ ಆಗಿಬರುವುದಿಲ್ಲ. ಎದುರಿನವನು ದನಿ ಏರಿಸದಿದ್ದರೆ ಜಗಳ ಹೇಗೆ ಮಾಡುವುದು?

"ಎಂತ ಮಾಡುದು ಮಾರಾಯ್ರೆ," ಎಂದರು. "ನಿಮ್ಮ ಅತ್ತೆ ದೊಡ್ಡ ಭಕ್ತೆ, ನನಗೆ ಗೊತ್ತುಂಟು. ಆದರೆ ಪರಮಪ್ರಸಾದ ತಗೊಳ್ಳುದು ಅಂದ್ರೆ ಈ ಸಭೆಯ ವಿಶ್ವಾಸಕ್ಕೆಲ್ಲ ಆಮೆನ್ ಹೇಳಿದ ಹಾಗೆ. ಅವರು ಬೇರೆ ಸಭೆಯವರು. ನಾನು ಕೊಡ್ಲಿಕ್ಕೆ ಆಗುದಿಲ್ಲ. ಎದೆ ಮೇಲೆ ಕೈ ಕಟ್ಟಿಕೊಂಡು ಬರಲಿ, ಆಶೀರ್ವಾದ ಕೊಡ್ತೇನೆ."

"ಮೊಮ್ಮಗಳಿಗೆ ಎಲ್ಲಾ ಕಲಿಸಿದಾಕಿಗೆ ಬರೇ ಆಶೀರ್ವಾದರೀ? ಯಾವಾಗೂ ಕೊಡಂಗ ಇಲ್ಲೇನ್ರಿ ಹಂಗಾರ?"

"ಕೊಡುವ ಸಂದರ್ಭ ಉಂಟು," ಎಂದು ಅವರು ಪಾಪ, ಪ್ರಾಮಾಣಿಕವಾಗಿ ಹೇಳಿದರು. "ಮರಣದ ಅಪಾಯ ಇದ್ದು, ಅವರ ಸಭೆಯ ಗುರುಗಳು ಸಿಗದೆ ಹೋಗಿ, ಅವರಾಗಿಯೇ ಬಯಸಿ, ನಮ್ಮ ಹಾಗೆಯೇ ನಂಬಿದರೆ..."

ನನ್ನ ಪಿತ್ತ ನೆತ್ತಿಗೇರಿತು. ಅಂದರೆ ಮೊಮ್ಮಗಳ ಸಮಾರಂಭದಲ್ಲಿ ಪ್ರಸಾದ ಬೇಕಾದರೆ ನನ್ನ ಅತ್ತೆ ಮೊದಲು ಸಾಯಲು ಬೀಳಬೇಕು, ಬೆಟಗೇರಿಯ ಸಭಾಪಾಲಕರೆಲ್ಲ ಅವತ್ತೇ ಊರು ಬಿಟ್ಟಿರಬೇಕು! ಈ ಮಾತನ್ನು ಮೇಜು ಗುದ್ದಿಯೇ ಹೇಳಿದೆ. ಆ ವಾರ ಚರ್ಚಿನ ಬೋರಿನ ಮೋಟಾರು ಸುಟ್ಟು ನನ್ನ ಅಂಗಡಿಯಲ್ಲೇ ಬಿದ್ದಿತ್ತು. ಅತ್ತೆಗೆ ಪ್ರಸಾದವಿಲ್ಲದಿದ್ದರೆ ಚರ್ಚಿಗೆ ನೀರಿಲ್ಲ ಎಂದುಬಿಡೋಣ ಅನ್ನುವಷ್ಟು ನೀಚತನವೂ ಮನಸ್ಸಿಗೆ ಬಂದುಹೋಯಿತು. ನನ್ನ ಮನಸ್ಸು ಓದಿದವರಂತೆ ಫಾದರೇ ಮೋಟಾರಿನ ಮಾತು ತೆಗೆದರು.

"ನೀರಿಲ್ಲ, ಬೇಗ ಕೊಡಿ ಅಂತ ನಿನ್ನೆ ನಿಮ್ಮನ್ನು ಬೇಡಿಕೊಂಡೆ. ವಾರ್ನಿಶ್ ಒಣಗದೆ ಯಾರಪ್ಪ ಬಂದರೂ ಕೊಡುದಿಲ್ಲ ಅಂದ್ರಿ. ನನಗೆ ಬೇಜಾರಾಯ್ತು. ಆದರೆ ನೀವು ಸರಿ ಅಂತ ಅನಿಸಿತು."

"ವಾರ್ನಿಶ್ ಬ್ಯಾರೆ, ನಮ್ಮತ್ತಿ ಬ್ಯಾರೆ!" ಎಂದು ಕೂಗಿ ಹೊರಗೆ ಬಂದೆ. ಬೈಕ್ ಅರ್ಧ ದಾರಿ ಬಂದ ಮೇಲೆ ಇದಕ್ಕಿಂತ ಒಳ್ಳೆಯ ಉತ್ತರಗಳು ಒಂದರ ಹಿಂದೆ ಒಂದು ಹೊಳೆದವು. ನನ್ನ ವಾದಸಾಮರ್ಥ್ಯವೆಲ್ಲ ಬೈಕಿನ ಮೇಲೇ ಇರುವುದು.

ಇನ್ನು ಅತ್ತೆಗೆ ಹೇಳಬೇಕಲ್ಲ. ವಿಮಲಾ "ನೀವ ಹೇಳ್ರಿ, ನನಗಾಗಂಗಿಲ್ಲ" ಎಂದು ಅಡುಗೆಮನೆ ಸೇರಿದಳು. ನಾನು ಅತ್ತೆಯ ಮುಂದೆ ಕೂತು ಮೊದಲು ಅವರ ಮೊಣಕಾಲ ನೋವನ್ನು ವಿಚಾರಿಸಿದೆ. ನಮ್ಮ ಚರ್ಚಿನಲ್ಲಿ ಬಹಳ ಹೊತ್ತು ನಿಲ್ಲಬೇಕಾಗುತ್ತದೆ, ಸಾಲು ಉದ್ದ, ನೆಲ ಜಾರುತ್ತದೆ ಎಂದೆ. ಅವರು "ಕಾಲು ಗಟ್ಟಿ ಅದಾವ ಅಳಿಯಾರ" ಎಂದು ನನಗೆ ಚಹಾ ತರಿಸಿದರು. ಮರುದಿನ ಬಿಸಿಲಿನ ಮಾತು ತೆಗೆದೆ. ಮತ್ತೆ ಚಹಾ ಬಂತು. ಹೇಳಲಾಗದ ಸಿಟ್ಟೆಲ್ಲ ಅಂಗಡಿಗೆ ಬಂದವರ ಮೇಲೆ ಹರಿಯಿತು. ನನ್ನ ಚರ್ಚು ನನ್ನನ್ನು ನನ್ನ ಮನೆಯಲ್ಲೇ ಕಳ್ಳನನ್ನಾಗಿ ಮಾಡಿತಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಶನಿವಾರದ ಹೊತ್ತಿಗೆ ನನಗೊಂದು ಉಪಾಯ ಹೊಳೆಯಿತು. ಸಮಾರಂಭಕ್ಕೆ ಹುಬ್ಬಳ್ಳಿಯಿಂದ ಇನ್ನೊಬ್ಬ ಗುರುಗಳು ಬರುವವರಿದ್ದರು. ಸಾಲು ಎರಡು, ಎಡಗಡೆಯದರಲ್ಲಿ ಕೊಡುವವರು ಅವರು. ಆ ಗುರುಗಳಿಗೆ ನಮ್ಮ ಅತ್ತೆ ಯಾರೆಂದು ಏನು ಗೊತ್ತು? ಎಡಗಡೆಯ ಸಾಲಿನಲ್ಲಿ ಕೈ ಒಡ್ಡಿ, ಆಮೆನ್ ಎಂದರೆ ಆಯಿತು. ಹಿಗ್ಗಿನಲ್ಲಿ ಅತ್ತೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಫಾದರ್ ಒಲ್ಲೆನೆಂದದ್ದು, ನಾನು ಮೇಜು ಗುದ್ದಿದ್ದು, ಎಡಗಡೆಯ ಸಾಲು, ಎಲ್ಲ.

ಅತ್ತೆ ರೀಟಾಳ ಫ್ರಾಕಿಗೆ ಗುಂಡಿ ಹಚ್ಚುತ್ತಿದ್ದರು. ದಾರವನ್ನು ಹಲ್ಲಿನಿಂದ ಕಡಿದು ನನ್ನ ಕಡೆ ನೋಡಿದರು.

"ಕಳವು ಮಾಡಿ ತಿನ್ನಾಕ ಅದೇನು ಹೊಲದಾಗಿನ ಸೇಂಗಾ ಏನ್ರಿ ಅಳಿಯಾರ?"

ನಾನು ಕೆಳಗೆ ಬಿದ್ದ ಗುಂಡಿಯೊಂದನ್ನು ಎತ್ತಿ ಅವರ ಕೈಗೆ ಕೊಟ್ಟೆ.

"ಯಾರು ತಗೋಬೇಕು, ಯಾರು ತಗೋಬಾರದು, ತಗೊಳ್ಳಾಕ ಮೊದಲ ಹ್ಯಾಂಗಿರಬೇಕು, ಎಲ್ಲಾ ಆ ಹುಡುಗಿ ಪಾಠದಾಗ ಐತಿ. ಬಾಯಿಪಾಠ ಮಾಡಿಸಿದಾಕಿ ನಾನ. ನನಗ ತಿಂಗಳದ ಹಿಂದನ ಗೊತ್ತೈತಿ. ನೀವು ಮೊಣಕಾಲು, ಬಿಸಿಲು ಅಂತ ದಿನಾ ಬಂದು ಕುಂತಾಗ, ಪಾಪ, ಹೇಳಾಕ ಬಂದಾರ, ಹೇಳಾಕ ಬರವಲ್ದು ಅಂತ ಚಾ ಕೊಟ್ಟು ಕಳಿಸಿದೆ."

"ಮತ್ತ ನಿಮಗ ಸಿಟ್ಟು ಬರಲಿಲ್ಲೇನ್ರಿ?"

"ಯಾಕ ಬರೂದಿಲ್ಲ? ನಾ ನಂಬಿದ ಯೇಸು ಒಬ್ಬಾಂವ, ನೀವು ನಂಬಿದಾಂವ ಇನ್ನೊಬ್ಬಾಂವ ಏನ? ನಿಮ್ಮ ಫಾದರಗ ನಾನು ಇದನ್ನ ಕೇಳಾಕಿನ. ಖರೆ, ತಗೊಂಡ್ರ ಕೇಳಿನ ತಗೋತೇನಿ. ಅವರು ಕೊಡದಿದ್ರ ಮುಖ ಮುಚ್ಚಿಕೊಂಡು ತಗೊಳ್ಳಾಕಿ ಅಲ್ಲ. ನಾಳಿಗೆ ಬರ್ತೇನಿ, ಬೆಂಚಿನ ಮ್ಯಾಲ ಕುಂಡ್ರತೇನಿ, ನನ್ನ ಮಮ್ಮಗಳನ್ನ ಕಣ್ಣತುಂಬ ನೋಡ್ತೇನಿ. ಹೋಗ್ರಿ, ಮಲಕೋರಿ."

ಮಲಗಿದೆ, ನಿದ್ದೆ ಬರಲಿಲ್ಲ. ಮೊದಲು ಫಾದರ್ ಮೇಲೆ ಮಾತ್ರ ಇದ್ದ ಸಿಟ್ಟು ಈಗ ಅತ್ತೆಯ ಮೇಲೂ ಬಂದಿತ್ತು. ಅವರಿಗಾಗಿ ನಾನು ಇಷ್ಟು ಕುದಿಯುತ್ತಿರುವಾಗ ಅವರು ನನಗಿಂತ ಚೆನ್ನಾಗಿ ಸಿಟ್ಟು ಮಾಡಬಾರದಿತ್ತು.

ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಚರ್ಚಿಗೆ ಮುಟ್ಟಿಸಿ, ಹಿಂದಿನ ಚಪ್ಪರದಲ್ಲಿ ಅಡಿಗೆಯವರನ್ನು ನೋಡಿಕೊಂಡು ಬರಲು ಹೋದೆ. ಪೂಜೆ ಮುಗಿದ ಮೇಲೆ ಮಂಡಕ್ಕಿಯ ಗಿರಮಿಟ್ಟು, ಮಿರ್ಚಿ ಬಜ್ಜಿ, ಚಹಾದ ಏರ್ಪಾಡು ನನ್ನದೇ. ಮೊದಲ ಬಾಣಲೆ ಆಗ ತಾನೇ ಇಳಿದಿತ್ತು. ಅಡಿಗೆಯವನು "ಉಪ್ಪು ನೋಡ್ರಿ ಸಾಹೇಬ್ರ" ಎಂದ. ಉಪ್ಪು ನೋಡುವುದು ಕೂಡ ಜವಾಬ್ದಾರಿಯೇ ಅಲ್ಲವೇ? ಒಂದರಲ್ಲಿ ಉಪ್ಪು ತಿಳಿಯಲಿಲ್ಲ. ಎರಡನೆಯದರಲ್ಲಿ ಸರಿಯಾಗಿ ತಿಳಿಯಿತು. ಬಾಯಿ ಒರೆಸಿಕೊಂಡು ಬಂದು ಅತ್ತೆಯ ಪಕ್ಕ ಕೂತೆ. ಅವರು ಒಮ್ಮೆ ನನ್ನ ಕಡೆ ಮೂಗು ತಿರುಗಿಸಿ, ಮತ್ತೆ ಪೀಠದ ಕಡೆ ತಿರುಗಿದರು.

ಪೂಜೆ ಚೆನ್ನಾಗಿಯೇ ನಡೆಯಿತು. ಹಾಡುಗಳಲ್ಲಿ ಅತ್ತೆಯದೇ ದನಿ ಎಲ್ಲರಿಗಿಂತ ಮೇಲೆ. ಪರಮಪ್ರಸಾದಕ್ಕೆ ಮುಂಚೆ ಫಾದರ್ ಮೈಕಿನಲ್ಲಿ ಮೆಲ್ಲಗೆ ಹೇಳಿದರು: ಕ್ಯಾಥೊಲಿಕರಲ್ಲದ ಬಂಧುಗಳು ಆಶೀರ್ವಾದಕ್ಕೆ ಬರಬಹುದು, ಮತ್ತು, ಪ್ರಸಾದಕ್ಕೆ ಒಂದು ತಾಸು ಮೊದಲಿಂದ ಏನೂ ತಿಂದಿರಬಾರದು ಎಂಬುದು ಎಲ್ಲರಿಗೂ ನೆನಪಿರಲಿ, ನೀರು, ಔಷಧಿಗೆ ಅಡ್ಡಿಯಿಲ್ಲ.

ಮಿರ್ಚಿ ಔಷಧಿಯಲ್ಲ. ಇದನ್ನು ನಾನು ಎಲ್ಲ ಕಡೆಯಿಂದಲೂ ಯೋಚಿಸಿ ನೋಡಿದೆ. ಗೋಡೆಯ ಗಡಿಯಾರ ನೋಡಿದೆ. ಮಕ್ಕಳ ಪೂಜೆಯೆಂದು ಪ್ರವಚನವನ್ನು ಚಿಕ್ಕದು ಮಾಡಿದ್ದ ಫಾದರ್ ಮೇಲೆ ಹೊಸದಾಗಿ ಸಿಟ್ಟು ಬಂತು. ಎದ್ದು ಹೋದರೆ ಯಾರಿಗೆ ಗೊತ್ತಾಗುತ್ತದೆ? ಎಡಗಡೆಯ ಸಾಲು ಇದ್ದೇ ಇತ್ತು, ಹುಬ್ಬಳ್ಳಿಯ ಗುರುಗಳಿಗೆ ನನ್ನ ಹೊಟ್ಟೆಯ ಸಂಗತಿ ಏನು ಗೊತ್ತು? ಎದ್ದೆ ಕೂಡ. ಆಗ ಅತ್ತೆಯ ಸೇಂಗಾ ನೆನಪಾಯಿತು. ಕೂತೆ.

ನಮ್ಮ ಬೆಂಚು ಖಾಲಿಯಾಗಿ ನಾವಿಬ್ಬರೇ ಉಳಿದೆವು. ರೀಟಾ ತಾಯಿಯ ಕೈ ಹಿಡಿದು ಹೋಗುತ್ತ ಹಿಂತಿರುಗಿ ನೋಡಿದಳು. ಅತ್ತೆ ಎದೆಯ ಮೇಲೆ ಕೈ ಕಟ್ಟಿಕೊಂಡು ಆಶೀರ್ವಾದಕ್ಕೂ ಹೋಗಲಿಲ್ಲ; ಹೊಸ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಕತ್ತು ಉದ್ದ ಮಾಡಿ, ಮೊಮ್ಮಗಳು ಬಾಯಿ ತೆರೆದದ್ದನ್ನು ನೋಡಿದರು. ಅವರ ಕಣ್ಣು ತುಂಬಿ ಬಂತು. ನನಗೆ ಆ ನಿಯಮದ ಮೇಲೆ ಆ ಕ್ಷಣ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಇಚ್ಛೆಯೂ ಇಲ್ಲ. ರೀಟಾ ಬಂದು ಅಜ್ಜಿಗೆ ಒತ್ತಿ ಕೂತು "ಅಜ್ಜಿ, ಅದಕ್ಕ ರುಚಿನ ಇಲ್ಲ" ಎಂದು ಪಿಸುಗುಟ್ಟಿದಳು. "ಮಾತಾಡಬ್ಯಾಡ, ಕಣ್ಣ ಮುಚ್ಚಿ ಪ್ರಾರ್ಥನಿ ಮಾಡು" ಎಂದರು ಅತ್ತೆ.

ಹೊರಗೆ ಬಂದ ಮೇಲೆ ನೋಡಿದರೆ ನಾನು ದೊಡ್ಡ ಮನುಷ್ಯನಾಗಿಬಿಟ್ಟಿದ್ದೆ. ಗಾಯನದವರು, ಯುವಕ ಸಂಘದವರು, ಯಾವತ್ತೂ ನನ್ನ ಅಂಗಡಿಯ ದರ ಹೆಚ್ಚೆಂದು ಗೊಣಗುವವರು ಕೂಡ ಬಂದು ಕೈಕುಲುಕಿದರು. "ಅತ್ತಿ ಸಂಬಂಧ ಪ್ರಸಾದನೂ ಬಿಟ್ಟ ಕುಂತ್ರಲ್ಲಾ! ಇಂಥ ಅಳಿಯ ಯಾರಿಗೆ ಸಿಗ್ತಾನ್ರಿ?" ವಿಮಲಾ ಮದುವೆಯ ಮೊದಲ ವರ್ಷದಲ್ಲಿ ನೋಡುತ್ತಿದ್ದಂತೆ ನೋಡಿದಳು. ನಾನು ತಲೆ ತಗ್ಗಿಸಿ ನಿಂತೆ. ವಿನಯವಿದ್ದವರು ಹಾಗೇ ನಿಲ್ಲುತ್ತಾರೆ. ಕೊನೆಗೆ ಫಾದರೇ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಸಿಟ್ಟನ್ನು ನಾನು ತಪ್ಪು ತಿಳಿದಿದ್ದೆ. ಇವತ್ತು ನೀವು ಅತ್ತೆಯ ಜೊತೆ ಕೂತದ್ದು ನೋಡಿ ನನಗೆ ರಾತ್ರಿ ನಿದ್ದೆ ಬರ್ಲಿಕ್ಕಿಲ್ಲ" ಎಂದರು. ಇನ್ನೆರಡು ನಿಮಿಷ ಕೊಟ್ಟಿದ್ದರೆ ನಾನೂ ಅದನ್ನು ನಂಬಿಬಿಡುತ್ತಿದ್ದೆ.

ಅಷ್ಟರಲ್ಲಿ ಅಡಿಗೆಯವನು ಬಿಸಿ ಮಿರ್ಚಿಯ ತಾಟು ಹಿಡಿದು ಬಂದು ಮೊದಲು ನನ್ನ ಮುಂದೆ ಚಾಚಿದ. ಅತ್ತೆ ಮಧ್ಯೆ ಕೈ ಅಡ್ಡ ತಂದು, ತಾಟನ್ನು ಮೆಲ್ಲಗೆ ಫಾದರ್ ಕಡೆ ತಿರುಗಿಸಿದರು.

"ಮೊದಲ ಫಾದರಿಗೆ ಕೊಡ್ರಿ, ಪಾಪ, ಮುಂಜಾನಿಂದ ಉಪವಾಸ ಅದಾರ. ನಮ್ಮ ಅಳಿಯಾರದು ಪೂಜಿಕಿಂತ ಮೊದಲ ಆಗೈತಿ."