ಹೂವು ಕೇಳಿ ಆರಿಸಿದ ಕಂಪ್ಯೂಟರ್ ಸೈನ್ಸ್

ಆ ಭಾನುವಾರದಲ್ಲಿ ನೆನಪಿಡುವಂಥದ್ದು ಏನೂ ಇರಲಿಲ್ಲ. ಅದಕ್ಕೇ ಇರಬೇಕು, ಅದು ನನಗೆ ಪೂರ್ತಿ ನೆನಪಿದೆ. ಶಿಕಾರಿಪುರದಲ್ಲಿ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು ನನ್ನ ಕಸುಬು. ಅವತ್ತೂ ಜಗುಲಿಯ ಮೇಲೆ ಯಾರದೋ ಬೋರ್‌ವೆಲ್ ಮೋಟರ್ ಬಿಚ್ಚಿಕೊಂಡು ಕೂತಿದ್ದೆ. ಒಳಗೆ ನನ್ನ ಹೆಂಡತಿ ಶಾಂತಾ ರೊಟ್ಟಿ ತಟ್ಟುತ್ತಿದ್ದಳು. ಎರಡನೇ ಪಿಯುಸಿಯಲ್ಲಿದ್ದ ಮಗಳು ಕಾವ್ಯ ಬಂದು, ಮುಂದೆ ಕಂಪ್ಯೂಟರ್ ಸೈನ್ಸ್ ಓದುತ್ತೇನೆ ಎಂದಳು.

"ಎಲ್ಲಿ ಓದ್ತೀಯ?" ಎಂದಳು ಶಾಂತಾ.

"ಅದೇ ಗೊತ್ತಾಗ್ತಿಲ್ಲಮ್ಮ."

"ಹಂಗಾದ್ರೆ ಪರೀಕ್ಷೆ ಮುಗೀಲಿ. ಹೋಗಿ ಹೂವು ಕೇಳಣ. ಏನ್ರೀ?"

ನಾನು ತಲೆಯಾಡಿಸಿದೆ. ನಮ್ಮ ಮನೆಯಲ್ಲಿ ಆ ಇಲಾಖೆ ನನ್ನದಾಗಿತ್ತು. ಮರುದಿನ ಬೆಳಿಗ್ಗೆ ಹಾಲು ಕಾಯಿಸಲು ಎದ್ದ ಶಾಂತಾ ಅಡುಗೆಮನೆಯಲ್ಲೇ ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಶಾಂತಾ ಸೊರಬದ ಕಡೆಯವಳು. ಚಂದ್ರಗುತ್ತಿಯ ಆಚೆಗಿನ ಅವಳ ತವರೂರಿನಲ್ಲಿ ಒಂದು ಸಣ್ಣ ಅಮ್ಮನ ಗುಡಿಯಿದೆ. ಅಲ್ಲಿ ವಿಗ್ರಹದ ಎರಡೂ ಕಡೆ ಒದ್ದೆ ಹೂವು ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಮಿಕ್ಸಿ ಕೊಂಡಾಗಲೂ ಕೇಳಿದ್ದಳು, ನನ್ನ ಮೀಸೆ ತೆಗೆಸಬೇಕೆಂದು ಅವಳಿಗೆ ಅನಿಸಿದಾಗಲೂ ಕೇಳಿದ್ದಳು. ಮೀಸೆ ತೆಗೆಸಲಾ ಅಂದರೆ ಎಡಗಡೆಯ ಹೂವು ಬಿತ್ತು. ಇವಳು ಬಿಡಬೇಕಲ್ಲ. ಸ್ವಲ್ಪ ಹೊತ್ತು ಕೂತು, "ಹಂಗಾದ್ರೆ ಮೀಸೆ ಇಟ್ಕೊಂಡೇ ಇರ್ಬೇಕಾ?" ಎಂದು ಪ್ರಶ್ನೆಯನ್ನೇ ತಿರುಗಿಸಿ ಕೇಳಿದಳು. ಮತ್ತೆ ಎಡಗಡೆಯದೇ ಬಿತ್ತು. ಅವತ್ತು ಸಂಜೆ ನನ್ನ ಮೀಸೆ ಹೋಯಿತು.

ಫಲಿತಾಂಶ ಬಂದ ಮೇಲೆ ಕಾವ್ಯ ನಾಲ್ಕು ದಾರಿ ಬರೆದುಕೊಂಡಳು. ಎರಡು ಊರಿನಲ್ಲೇ, ಬಿಸಿಎ ಅಥವಾ ಬಿಎಸ್‌ಸಿ. ಎರಡು ಶಿವಮೊಗ್ಗದಲ್ಲಿ, ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್. ಒಂದು ಬರೀ ಕಂಪ್ಯೂಟರ್ ಸೈನ್ಸ್, ಇನ್ನೊಂದು ಅದರ ಜೊತೆ ಕೃತಕ ಬುದ್ಧಿಮತ್ತೆ. ಬುದ್ಧಿಯಲ್ಲೂ ಕೃತಕದ್ದು ಬಂದಿರುವುದು ಕೇಳಿ ನನಗೆ ಧೈರ್ಯ ಬಂತು. ಅವಳು ಮಾತ್ರ ದಿನಕ್ಕೊಂದು ದಾರಿಗೆ ಗುರುತು ಹಾಕಿ ಅಳಿಸುತ್ತಿದ್ದಳು. ಅವಳಿಗೆ ಬೇಕಾದದ್ದು ಶಿವಮೊಗ್ಗ. ಅಳಿಸುತ್ತಿದ್ದದ್ದು ನನಗಾಗಿ. ಹೋಗು ಎನ್ನಲು ನನಗೆ ಬಾಯಿ ಬರಲಿಲ್ಲ. ಇನ್ನೆರಡು ದಿನದಲ್ಲಿ ಯಾವುದೆಂದು ತಿಳಿಸಬೇಕು ಎನ್ನುವಾಗ ಇಬ್ಬರೂ ಸೊರಬದ ಬಸ್ಸು ಹತ್ತಿದೆವು.

ಗುಡಿಯ ಪೂಜಾರಪ್ಪ ಪಟ್ಟಿ ನೋಡಿ ಕೈಚೆಲ್ಲಿದರು. "ನಾಲ್ಕು ಅಂದ್ರೆ ಆಗಲ್ಲ ತಂಗಿ. ಅಮ್ಮನ ಹತ್ರ ಹೌದು, ಅಲ್ಲ, ಎರಡೇ ಇರೋದು."

"ಎರಡು ಸಾಕು ಅಜ್ಜ," ಎಂದಳು ಕಾವ್ಯ. "ಮೊದ್ಲು ಊರಲ್ಲೋ ಹೊರಗೋ ಅಂತ ಕೇಳಿದ್ರೆ ಅರ್ಧ ಪಟ್ಟಿ ಹೋಯ್ತು. ಉಳಿದದ್ರಲ್ಲಿ ಇನ್ನೊಂದು ಸಲ ಕೇಳೋದು. ಕಂಪ್ಯೂಟರಿಗೂ ಗೊತ್ತಿರೋದು ಅವೆರಡೇ."

"ಹಂಗಾದ್ರೆ ಇಷ್ಟು ವರ್ಷ ನಾನು ಮಾಡಿದ್ದೂ ಅದೇ ಕೆಲ್ಸ ಅನ್ನು. ನಂಗೂ ಒಂದು ಸರ್ಟಿಫಿಕೇಟ್ ಕೊಡ್ಸು," ಎನ್ನುತ್ತ ಅವರು ಹೂವು ಅಂಟಿಸಿದರು.

ಕಾವ್ಯ ಕಣ್ಣುಮುಚ್ಚಿ, "ಊರಲ್ಲೇ ಓದ್ಲಾ?" ಎಂದಳು. ನಾನು ಹೂವನ್ನೇ ನೋಡುತ್ತಿದ್ದೆ. ಮಂಗಳಾರತಿ ಮುಗಿಯುವ ಮೊದಲೇ ಬಲಗಡೆಯದು ಜಾರಿ ಬಿತ್ತು.

ನಿಜ ಹೇಳುತ್ತೇನೆ, ನನಗೆ ಕುಣಿಯುವಷ್ಟು ಸಂತೋಷವಾಯಿತು. ಸಂಜೆ ಬೀಗ ತೆಗೆದು ಕತ್ತಲ ಮನೆಗೆ ಒಬ್ಬನೇ ಕಾಲಿಡುವುದು ತಪ್ಪಿತು. ಕೈಮುಗಿದು ಪಕ್ಕಕ್ಕೆ ತಿರುಗಿದರೆ ಕಾವ್ಯ ನಗುತ್ತಿದ್ದಳು. ಆ ನಗು ನನಗೆ ಪರಿಚಯದ್ದು. ಮದುವೆಮನೆಯಲ್ಲಿ ಹೋಳಿಗೆ ಖಾಲಿಯಾಗಿದೆ ಎಂದಾಗ, ನನಗೆ ಸಿಹಿ ಸೇರುವುದಿಲ್ಲ ಎನ್ನುವವರು ನಗುವ ನಗು.

"ಪೂಜಾರಪ್ಪಾರೇ, ಇನ್ನೊಂದು ಸಲ ಅಂಟಿಸ್ರೀ," ಎಂದೆ. "ಪ್ರಶ್ನೆ ಸರಿಯಾಗಿ ಕೇಳಿಲ್ಲ."

"ಅಪ್ಪ, ಇದು ಮೋಸ."

"ಮೋಸ ಅಲ್ಲ, ನಿಮ್ಮಮ್ಮನ ಪದ್ಧತಿ."

ಪೂಜಾರಪ್ಪ ನನ್ನ ಮುಖ ನೋಡಿದರು. "ಶಾಂತಕ್ಕನ ಮನೆಯವ್ರಲ್ವಾ, ಪ್ರಶ್ನೆ ಮತ್ತೆ ಬರುತ್ತೆ ಅಂತ ಹೂವು ಎತ್ತಿಟ್ಟಿದ್ದೆ," ಎಂದರು.

ಬದುಕಿನಲ್ಲಿ ಮೊದಲ ಸಲ ನಾನೇ ಕೇಳಿದೆ. "ಇವಳು ಶಿವಮೊಗ್ಗಕ್ಕೆ ಹೋದ್ರೆ ತಪ್ಪಾ ತಾಯಿ?"

ಕಾಲು ಗಂಟೆ ಏನೂ ಅಲುಗಾಡಲಿಲ್ಲ. ಕಾವ್ಯ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು. ಆಮೇಲೆ ಎಡಗಡೆಯದು ಬಿತ್ತು. ಎರಡನೇ ಸುತ್ತಿಗೆ ಹೂವು ಬೇಕೇ ಎಂದು ಪೂಜಾರಪ್ಪ ಕೇಳಿದರೆ ಕಾವ್ಯ, "ಬೇಡಜ್ಜ, ಅದು ನಂಗೆ ಗೊತ್ತು, ಬರೀ ಕಂಪ್ಯೂಟರ್ ಸೈನ್ಸು," ಎಂದಳು.

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಬಜ್ಜಿ ತಿನ್ನುತ್ತ ಎಂಟೂ ಸೆಮಿಸ್ಟರಿನ ಪಾಠಗಳನ್ನು ಮೊಬೈಲಿನಲ್ಲಿ ತೋರಿಸಿದಳು. ನಡುವೆ ಎಲ್ಲೋ ಕರೆಂಟಿನ ವಿಷಯವೂ ಇತ್ತು. "ಅದನ್ನ ನಾನು ಹೇಳ್ಕೊಡ್ತೀನಿ ಬಿಡು," ಎಂದೆ. "ಅದ್ರಲ್ಲಿ ಶಾಕ್ ಹೊಡಿಯೋ ಪಾಠ ಇಲ್ಲಪ್ಪ," ಎಂದು ಕೊನೆಯ ಬಜ್ಜಿಯನ್ನೂ ಅವಳೇ ತಿಂದಳು. ಊರು ಮುಟ್ಟುವವರೆಗೂ ನಗುತ್ತಿದ್ದೆವು.

ಕಳೆದ ವಾರ ಹಾಸ್ಟೆಲಿಗೆ ಸೇರಿಸಿ ಬಂದೆ. ರಜೆಯಲ್ಲಿ ಮಗಳನ್ನು ಕರೆದೊಯ್ಯಲು ಬರುವವರು ಎಂದು ಫಾರಮ್ಮಿನಲ್ಲಿ ಎರಡು ಹೆಸರು ಕೇಳಿದ್ದರು. ಎರಡೂ ಕಡೆ ನನ್ನ ಹೆಸರೇ ಬರೆದೆ. ವಾರ್ಡನ್ ಮೇಡಂ ಕನ್ನಡಕದ ಮೇಲಿಂದ ನೋಡಿ, "ಏನ್ರೀ, ಎರಡು ಸಲ ಬರ್ತೀರಾ?" ಎಂದು ಕೆಳಗಿನದನ್ನು ಹೊಡೆದುಹಾಕಿದರು. ಅಲ್ಲಿ ಬರೆಯಲು ನನ್ನ ಹತ್ತಿರ ಇನ್ನೊಂದು ಹೆಸರಿಲ್ಲ.