ಸಿನಿಮಾಕ್ಕೆ ಮೂತಿ ಹುಡುಕಿದ್ದು

ನಾನು ಸುಮ್ಮನೆ ನಿಂತರೂ ಪಕ್ಕದಲ್ಲಿ ಏನಾದರೊಂದು ಉರುಳಿ ಬೀಳುತ್ತದೆ. ಸಾಲಿ ಬಿಟ್ಟ ಮೇಲಂತೂ ಅದೇ ನನ್ನ ಉದ್ಯೋಗ. ಈ ಬೇಸಿಗೆಯಲ್ಲಿ ಆದೋನಿಯ ನಮ್ಮ ಓಣಿಗೆ ಕಾಲೇಜು ಹುಡುಗನೊಬ್ಬ ರಜೆಗೆ ಬಂದ. ತೆಲುಗು ಮನೆಯವನು. ಚಿಕ್ಕದೊಂದು ಸಿನಿಮಾ ತೆಗೆಯುತ್ತಾನಂತೆ. ಮನುಷ್ಯರ ಸ್ವಭಾವ, ಸಿಟ್ಟು, ಅಂಜಿಕೆ, ನಗು, ಎಲ್ಲ ಬರೀ ಮುಖದಲ್ಲೇ ತೋರಿಸುವುದಂತೆ. ಅವನನ್ನು ನಾವು ಡೈರೆಕ್ಟರ ಅಂತಲೇ ಕರೆದೆವು.

"ನನಗೊಂದು ಪಾರ್ಟು ಕೊಡಪ್ಪ" ಅಂದೆ.

"ನಿನ್ನ ಮೂತಿ ಕಂಡ್ರ ಜನ ನಗ್ತಾರ. ಇದು ಗಂಭೀರ ಸಿನಿಮಾ. ಸರಿಯಾದ ಒಂದು ಮುಖ ಹುಡುಕಿ ತಾ, ಆಮ್ಯಾಲೆ ನೋಡೋಣು."

ಆದೋನಿಯಲ್ಲಿ ಮುಖಗಳಿಗೆ ಬರವೇ? ಪಾರ್ಟು ನನ್ನದಾಯ್ತು ಅಂತಲೇ ಹೊರಟೆ.

ಸಿಟ್ಟು

ಸಿಟ್ಟಿಗೆ ಡ್ರಿಲ್ ಮಾಸ್ತರನ್ನು ಬಿಟ್ಟರೆ ಇನ್ಯಾರು? ಅವರ ಸೈಕಲ್ ಗಂಟೆ ಕೇಳಿದರೆ ಹುಡುಗರು ಆಡುತ್ತಿದ್ದ ಗೋಲಿ ನುಂಗಿಬಿಡುತ್ತಿದ್ದರು. ಸಿನಿಮಾ ಅಂದಕೂಡಲೇ ಅವರು ಇಸ್ತ್ರಿ ಅಂಗಿ ತೊಟ್ಟು, ಪೌಡರ್ ಬಳಿದುಕೊಂಡು ಬಂದು, ಡೈರೆಕ್ಟರ ಹಿಡಿದ ಡಬ್ಬಿಯ ಕಡೆ ಮದುಮಗನ ಹಾಗೆ ನಕ್ಕರು.

"ಸಿಟ್ಟು ಮಾಡ್ರಿ ಸಾರ್."

"ಇಷ್ಟು ಪ್ರೀತಿಯಿಂದ ಕರೆಸೀರಿ. ಸಿಟ್ಟು ಹೆಂಗ ಬರಬೇಕಪ್ಪ?" ಅಂತ ಇನ್ನೂ ನಕ್ಕರು. "ನನ್ನ ಮುಖ ಅದರಾಗ ಚಲೋ ಬಂದೈತೇನು?"

"ಅದು ಖಾಲಿ ಸೀಮೆಎಣ್ಣೆ ಡಬ್ಬಿ ಸಾರ್" ಅಂದೆ ನಾನು. "ಇವತ್ತು ಬರೇ ರಿಹರ್ಸಲ್."

ಮಾಸ್ತರ ಮೀಸೆ ನೆಟ್ಟಗಾಯಿತು. ಡೈರೆಕ್ಟರ ಕುಣಿದ: "ಇದೇ ಬೇಕಾಗಿತ್ತು ಸಾರ್! ಅಲ್ಲೇ, ಹಂಗೇ ನಿಂದರ್ರಿ!"

ಮಾಸ್ತರು ಹಂಗೇ ಇದ್ದರು. ಅಲ್ಲೇ ನಿಲ್ಲಲಿಲ್ಲ, ನಮ್ಮ ಬೆನ್ನಟ್ಟಿದರು.

ಅಂಜಿಕೆ

ಅಂಜಿಕೆಗೆ ಪೆದ್ದಹರಿವಾಣದ ಕುರಿಗಾರ ಮಾಮನನ್ನು ಹಿಡಿದೆ. ಬಾಗಿಲಷ್ಟು ಅಗಲದ ಆಳು.

"ಮಾಮ, ನಿನಗ ಯಾವುದರ ಅಂಜಿಕಿ? ತೋಳದ್ದಾ?"

"ನನ್ನ ಕಂಡ್ರ ಅದಕ್ಕ ಅಂಜಿಕಿ."

"ದೆವ್ವದ್ದು?"

"ಬೀಡಿ ಕೊಟ್ಟು ಕಳಿಸೀನಿ."

ಡೈರೆಕ್ಟರ ಡಬ್ಬಿ ಹಿಡಿದು ಕಾಯುತ್ತಿದ್ದ. ನಾನು ಯಾರಿಗೂ ಹೇಳದೆ ಗೋಡೆಯ ಹಿಂದೆ ಹೋಗಿ ದನಿ ದಪ್ಪ ಮಾಡಿ ಕೂಗಿದೆ: "ಕಾಲರಾ ಸೂಜಿ ಬಂದೈತ್ರೀ! ಎಲ್ಲರೂ ಅಂಗಿ ತೋಳು ಏರಿಸ್ರಿ!"

ಮಾಮ ರುಮಾಲು ಬಿಟ್ಟು ಓಡಿದ. ಅವನ ಹಿಂದೆ ಕುರಿ, ಕುರಿಗಳ ಹಿಂದೆ ನಾಯಿ. ಅಂಜಿಕೆ ಎಷ್ಟು ಚಂದ ಬಂತು ಅಂತ ಕೇಳೋಣವೆಂದರೆ ಡಬ್ಬಿ ನೆಲದ ಮೇಲಿತ್ತು, ಡೈರೆಕ್ಟರ ಇರಲಿಲ್ಲ. ಹುಣಸೆ ಮರದ ಮೇಲಿಂದ ಸಣ್ಣ ದನಿ ಬಂತು:

"ಹೋದನೇನೋ ಸೂಜಿಯವನು?"

ನಗು

ಡೈರೆಕ್ಟರನ ಸೋದರಮಾವ ಟೂರಿಂಗ್ ಟಾಕೀಸಿನಲ್ಲಿ ಮಿಷಿನ್ ನಡೆಸುವವನು. ಹಿಡಿಕೆ ತಿರುಗಿಸುವ ಹಳೇ ಕ್ಯಾಮರಾ, ಅದರೊಳಗೆ ಒಂದು ತುಂಡು ರೀಲು ಹಾಕಿ ತಂದುಕೊಟ್ಟ. ಲಡಾಯಿ ಕಾಲ, ರೀಲು ಎಲ್ಲೂ ಸಿಗದು, ಇನ್ನೊಂದು ಕೇಳಬೇಡಿ ಅಂದ.

ನಾನು ಕೌತಾಳಂ ಕಡೆಯಿಂದ ನಮ್ಮ ಅಜ್ಜಿಯನ್ನು ಕರೆತಂದೆ. ಬೊಚ್ಚುಬಾಯಿ ತೆರೆದು ಆಕಿ ನಕ್ಕರೆ ಓಣಿಗೆ ಓಣಿಯೇ ನಗುತ್ತದೆ. ಆದರೆ ಹೊಲ ಬಿಟ್ಟು ಪೇಟೆ ಕಂಡವಳಲ್ಲ, ತೆಲುಗು ಒಂದಕ್ಷರ ಬಾರದು. ಕಟ್ಟೆಯ ಮೇಲೆ ಕೂಡಿಸಿ, ಧೈರ್ಯಕ್ಕೆ ನಾನೂ ಪಕ್ಕದಲ್ಲಿ ನಿಂತೆ. ಡೈರೆಕ್ಟರ ಹಿಡಿಕೆ ತಿರುಗಿಸುತ್ತ, ಹುರುಪಿನಲ್ಲಿ ಮನೆಮಾತಿಗೆ ಜಾರಿದ. ನಗು ಅನ್ನುವುದನ್ನು ತೆಲುಗಿನಲ್ಲಿ ಕೂಗಿದ: "ನವ್ವು ಅವ್ವಾ, ನವ್ವು!"

ಅಜ್ಜಿಯ ಕಿವಿಗೆ ಅದು 'ನೋವು' ಅಂತ ಬಿತ್ತು.

"ನೋವಾ? ಹೆಂಗ ಗೊತ್ತಾತೋ ನನ್ನಪ್ಪಾ! ಮನ್ಯಾಗ ಒಬ್ಬರೂ ಕೇಳಂಗಿಲ್ಲ!"

ತನ್ನ ಬೆನ್ನು ತನ್ನ ಕೈಗೆ ಸಿಗದ್ದಕ್ಕೆ ನನ್ನನ್ನು ಬಗ್ಗಿಸಿ, ನನ್ನ ಬೆನ್ನಿಗೆ ಗುದ್ದಿ ತೋರಿಸಿದಳು: "ಇಲ್ಲಿ!"

"ನವ್ವು! ನವ್ವು!"

"ಇಲ್ಲೂ ಐತಿ!" ಸೊಂಟಕ್ಕೊಂದು ಗುದ್ದು.

"ಅಯ್ಯೋ, ನವ್ವು ಅವ್ವಾ!"

"ಮಳಿ ಬಂದ್ರ ಇಲ್ಲಿ ಹಿಡೀತೈತಿ!" ತೊಡೆ ಹಿಂಡಿದಳು.

"ಬಾಯಿ ಮುಚ್ಚೋ ಡೈರೆಕ್ಟರ!" ಅಂತ ನಾನು ಒದರಿದೆ. ಅವನು ಕೂಗಿದಷ್ಟೂ ಆಕಿಗೆ ಹೊಸ ಹೊಸ ಜಾಗ ನೆನಪಾಗುತ್ತಿದ್ದವು. ಕೊನೆಗೆ ರೀಲು ಮುಗಿದು ಹಿಡಿಕೆ ಸಡಿಲಾಯಿತು.

ನವ್ವು ಅಂದರೆ ನಗು ಅಂತ ಆಗ ತಿಳಿಸಿದೆ. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು ನೋಡಿ, ಕಟ್ಟೆಯಿಂದ ಬೀಳುವುದೊಂದು ಬಾಕಿ. ಡೈರೆಕ್ಟರ ತಲೆ ಹಿಡಿದುಕೊಂಡು ಕೂತ.

"ಸಿನಿಮಾ ತುಂಬ ನಿನ್ನ ಮೂತಿನೇ ಐತಲ್ಲೋ!"

"ನೋವಿನ ಪಾರ್ಟು ನಂದು" ಅಂದೆ, ಬೆನ್ನು ತಿಕ್ಕಿಕೊಳ್ಳುತ್ತ. "ಬ್ಯಾಡ ಅಂದ್ರ ಇನ್ನೊಂದು ರೀಲು ತಾ."